ಅಳೆಯುವ ಸೇರು ಯಾರದು?

ನಮ್ಮ ಸೀಮೆಯ ಹಿರಿಯರು ಹೇಳುತ್ತಿದ್ದ ಒಂದು ಮಾತು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಸಂತೆಯಲ್ಲಿ ಕೆಲವು ವ್ಯಾಪಾರಿಗಳ ಬಳಿ ಎರಡು ಸೇರುಗಳು ಇರುತ್ತಿದ್ದವಂತೆ. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ಎರಡೂ ನೋಡಲು ಒಂದೇ ಬಗೆ. ರೈತನು ಕಡಲೆಕಾಯಿಯ ಮೂಟೆಯನ್ನು ಇಳಿಸಿ, ಎದುರಿಗೇ ನಿಂತು ಎಣಿಸಿಕೊಂಡರೂ ಲೆಕ್ಕದಲ್ಲಿ ತಪ್ಪು ಕಾಣುತ್ತಿರಲಿಲ್ಲ. ಎಣಿಕೆ ಸರಿಯಾಗಿಯೇ ಇತ್ತು. ಸೇರು ಮಾತ್ರ ಅವನದಾಗಿರಲಿಲ್ಲ. ಈ ಹಳೆಯ ಮಾತು ನನಗೆ ಕಳೆದ ಯುಗಾದಿಯ ದಿನ, ಸ್ವಲ್ಪವೂ ನಿರೀಕ್ಷಿಸದ ಸಂದರ್ಭದಲ್ಲಿ ನೆನಪಾಯಿತು.

ಹಲವು ವರ್ಷಗಳ ಹಿಂದೆ ನನ್ನ ಕೈಯಲ್ಲಿ ಮಗ್ಗಿ ಕಲಿತ ಹುಡುಗನೊಬ್ಬನು ಈಗ ಬೆಂಗಳೂರಿನಲ್ಲಿ ತಂತ್ರಾಂಶ ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆಂದು ರೊದ್ದಂಗೆ ಬಂದವನು ನಮಸ್ಕರಿಸಿ ಹೋಗಲು ನಮ್ಮ ಮನೆಗೆ ಬಂದ. ಬೇವು ಬೆಲ್ಲ ಕೊಟ್ಟು, “ಏನಪ್ಪಾ, ಕೆಲಸ ಹೇಗೆ ನಡೆಯುತ್ತಿದೆ?” ಎಂದು ಕೇಳಿದೆ.

“ಕೆಲಸವೇನೋ ಚೆನ್ನಾಗಿಯೇ ಇದೆ, ಮೇಷ್ಟ್ರೇ. ಆದರೆ ಒಂದು ಗೋಜಲು. ನಾವು ತಯಾರಿಸಿದ ಕಾರ್ಯಕ್ರಮದ ಬಗ್ಗೆ ಜನ ಕಳುಹಿಸುವ ದೂರುಗಳನ್ನೆಲ್ಲ ಗಡುವಿನೊಳಗೆ ಮುಗಿಸುತ್ತೇವೆ. ತಿಂಗಳ ಪಟ್ಟಿಯಲ್ಲಿ ನಮ್ಮ ತಂಡಕ್ಕೆ ನೂರಕ್ಕೆ ನೂರು. ಆದರೂ ಅದನ್ನು ಬಳಸುವವರು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದಾರೆ.”

“ದೂರು ಮುಗಿಯಿತು ಎಂದು ಯಾವಾಗ ಬರೆದುಕೊಳ್ಳುತ್ತೀರಿ?” ಎಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಾವು ಉತ್ತರ ಕಳುಹಿಸಿದಾಗ.”

ಅವರ ತೊಂದರೆ ತೀರಿದಾಗ ಅಲ್ಲ! ಅದೇ ಸಂತೆಯ ಸೇರು. ಈ ಪ್ರಶ್ನೆ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಮಾತ್ರ ಸೇರಿದುದಲ್ಲ. ಇಂದು ಪಹಣಿ, ಪಡಿತರ, ಪಿಂಚಣಿ, ಮಕ್ಕಳ ಹಾಜರಿ ಎಲ್ಲವೂ ಗಣಕಯಂತ್ರದೊಳಗೆ ಹೊಕ್ಕಿವೆ. ಆದುದರಿಂದ ಒಳ್ಳೆಯ ತಂತ್ರಾಂಶವೆಂದರೆ ಯಾವುದು, ಅದರ ಒಳ್ಳೆಯತನವನ್ನು ಅಳೆಯುವುದು ಹೇಗೆ ಎಂಬುದನ್ನು ನಮ್ಮಂಥ ಗಡಿನಾಡಿನ ಹಳ್ಳಿಯವರೂ ಸ್ವಲ್ಪ ತಿಳಿದಿರುವುದು ಲೇಸು.

ಪಹಣಿಯ ಪಾಠ

ದೂರದ ಉದಾಹರಣೆ ಬೇಡ. ನಮ್ಮ ಪಶ್ಚಿಮಕ್ಕಿರುವ ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದು, ಮೂರು ಕಡೆಗಳಲ್ಲಿ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿದೆ. ನಮ್ಮ ಕನ್ನಡ ಕುಟುಂಬಗಳಲ್ಲಿ ಹೆಣ್ಣು ಕೊಟ್ಟು ತಂದ ನಂಟು ಗೆರೆಯ ಎರಡೂ ಕಡೆ ಇರುವಂತೆ, ಹೊಲಗಳೂ ಎರಡೂ ಕಡೆ ಇರುವುದುಂಟು. ಈಚೆ ಅಡಂಗಲ್ ಎಂದರೆ ಆಚೆ ಪಹಣಿ. ಹೆಸರು ಬೇರೆಯಾದರೂ ಕಾಗದದ ಗುಣ ಒಂದೇ: ಅದಿಲ್ಲದೆ ಬ್ಯಾಂಕಿನಲ್ಲಿ ಬೆಳೆಸಾಲ ಹುಟ್ಟದು, ಅಣ್ಣತಮ್ಮಂದಿರ ಪಾಲು ತೀರದು.

ಕರ್ನಾಟಕದಲ್ಲಿ ಈ ದಾಖಲೆಗಳು ಬಹುಕಾಲ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಇದ್ದವು. ಒಬ್ಬೊಬ್ಬ ಲೆಕ್ಕಿಗನಿಗೆ ಮೂರು ನಾಲ್ಕು ಹಳ್ಳಿಗಳು. ಅವನು ಇಂದು ಈ ಊರಿನಲ್ಲಿದ್ದರೆ ನಾಳೆ ಇನ್ನೊಂದರಲ್ಲಿ. ಒಂದು ಪಹಣಿಗಾಗಿ ರೈತನು ಮೂರು ದಿನಗಳಿಂದ ಒಂದು ತಿಂಗಳವರೆಗೆ ಅಲೆಯಬೇಕಾಗುತ್ತಿತ್ತು. ಕೈಬಿಸಿ ಮಾಡದೆ ಕೆಲಸವಾಗುವುದು ವಿರಳವಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಮೊದಲ ಪ್ರಯತ್ನ ಅಲ್ಲಿ 1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಪ್ರಾಯೋಗಿಕವಾಗಿ ಆರಂಭವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಾಖಲೆಗಳು ನಿಜವಾಗಿ ತಿದ್ದುಪಡಿಯಾಗುತ್ತಿದ್ದುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಯಂತ್ರವಿಡಲು ಏರ್ಪಾಟೇ ಇರಲಿಲ್ಲ. ಇದರ ಫಲವೇನಾದೀತೆಂದು ಊಹಿಸಬಹುದು. ಇಂದು ಯಂತ್ರಕ್ಕೆ ಏರಿಸಿದ ಹೊಲ ನಾಳೆ ಮಾರಾಟವಾದರೆ, ಕೈಬರಹದ ಪುಸ್ತಕದಲ್ಲಿ ಹೊಸ ಒಡೆಯನ ಹೆಸರು, ಯಂತ್ರದಲ್ಲಿ ಹಳೆಯವನ ಹೆಸರು. “ಇಷ್ಟು ಲಕ್ಷ ದಾಖಲೆಗಳನ್ನು ಏರಿಸಿದ್ದೇವೆ” ಎಂದು ಹೇಳಿಕೊಳ್ಳಲು ಬಂದೀತೇ ಹೊರತು ರೈತನ ಕೈಗೆ ಕಾಗದ ಸಿಗದು. ಏರಿಸಿದ ದಾಖಲೆಗಳ ಸಂಖ್ಯೆಯು ಕಚೇರಿಯ ಸೇರು, ರೈತನ ಸೇರಲ್ಲ.

ತರುವಾಯ ಬಂದುದೇ ‘ಭೂಮಿ’ ಯೋಜನೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರಚಿಸಿದ ತಂತ್ರಾಂಶದಿಂದ, 2000–2001ರ ಸುಮಾರಿನಲ್ಲಿ ಇದು ತಾಲ್ಲೂಕು ತಾಲ್ಲೂಕಿಗೂ ತಲುಪಿತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳು ಯಂತ್ರಕ್ಕೆ ಏರಿದವು. ಸಂಖ್ಯೆ ದೊಡ್ಡದೇ. ಆದರೆ ಈ ಬಾರಿಯ ವಿಶೇಷ ಸಂಖ್ಯೆಯಲ್ಲಿರಲಿಲ್ಲ, ಗುರಿಯಲ್ಲಿತ್ತು. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ರೈತನು ಹದಿನೈದು ರೂಪಾಯಿ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪಹಣಿ ಕೈಗೆ ಬರಬೇಕು ಎಂಬುದು ಆರಂಭದ ಏರ್ಪಾಟು. ರಚಿಸಿದವರು ಆ ಕಿಟಕಿಯಿಂದ ಹಿಂದಕ್ಕೆ ಯೋಚಿಸುತ್ತಾ ಹೋದಂತೆ ತೋರುತ್ತದೆ.

ಅವರು ಮಾಡಿದ ಮೂರು ಸಣ್ಣ ಕೆಲಸಗಳನ್ನು ಗಮನಿಸಬೇಕು. ಮೊದಲನೆಯದು, ಗುಮಾಸ್ತನಿಗೆ ಒಂದು ಪರದೆ, ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವನಿಗೆ ಕಾಣಬೇಕು. ಎರಡನೆಯದು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ವಿಲೇವಾರಿಯಾಗಬೇಕು. ಹಿಂದಿನದನ್ನು ಮುಂದಕ್ಕೆ ಎಳೆಯಲು ಯಂತ್ರ ಬಿಡದು. ಮೂರನೆಯದು, ದಾಖಲೆಯನ್ನು ತಿದ್ದುವ ಅಧಿಕಾರಿಯು ತನ್ನ ಬೆರಳಚ್ಚು ಕೊಟ್ಟೇ ಒಳಹೊಗಬೇಕು. ಆಮೇಲೆ “ನಾನಲ್ಲ” ಎನ್ನುವಂತಿಲ್ಲ. ಇದಕ್ಕೆ ಕಲಶವಿಟ್ಟಂತೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಎರಡು ಸೇರುಗಳಲ್ಲಿ ಒಂದನ್ನು ಸಂತೆಯಿಂದಲೇ ಹೊರಗೆ ಹಾಕಿದಂತಾಯಿತು.

ನಮ್ಮ ಆಂಧ್ರದಲ್ಲಿಯೂ 2015ರಲ್ಲಿ ‘ಮೀಭೂಮಿ’ ಎಂಬ ಹೆಸರಿನಲ್ಲಿ ಅಡಂಗಲ್ ಮತ್ತು 1ಬಿ ಕಾಗದಗಳನ್ನು ಜನರು ತಾವೇ ನೋಡಿಕೊಳ್ಳುವ ವ್ಯವಸ್ಥೆ ಬಂದುದು ವಾಚಕರಿಗೆ ತಿಳಿದೇ ಇದೆ.

ಉಂಡವರನ್ನು ಕೇಳುವುದು

ಅಡುಗೆ ರುಚಿಯಾಗಿದೆಯೇ ಎಂದು ಅಡುಗೆಯವನನ್ನು ಕೇಳಿದರೆ ಪ್ರಯೋಜನವಿಲ್ಲ. ಉಂಡು ಎದ್ದವರನ್ನು ಕೇಳಬೇಕು. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರು ಸ್ಥಾಪಿಸಿದ ಸಾರ್ವಜನಿಕ ವ್ಯವಹಾರಗಳ ಕೇಂದ್ರವು ಈ ಕೆಲಸವನ್ನೇ ತನ್ನ ವ್ರತವಾಗಿ ಹಿಡಿಯಿತು. ನಾವು ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ, ನೀರು, ವಿದ್ಯುತ್ತು, ನಗರಪಾಲಿಕೆ ಮುಂತಾದ ಇಲಾಖೆಗಳಿಗೆ ಅವುಗಳನ್ನು ಬಳಸುವ ಜನರಿಂದಲೇ ಅಂಕ ಕೊಡಿಸುವ ಪದ್ಧತಿಯನ್ನು ಅದು 1990ರ ದಶಕದಲ್ಲಿ ರೂಢಿಗೆ ತಂದಿತು.

2002ರಲ್ಲಿ ಆ ಕೇಂದ್ರದವರು ‘ಭೂಮಿ’ಗೂ ಇಂಥದೇ ಪರೀಕ್ಷೆ ಮಾಡಿದರು. ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗುತ್ತಿತ್ತೆಂದು ಹೇಳಿದವರು ಸುಮಾರು ಮೂರರಲ್ಲಿ ಎರಡು ಪಾಲು ಜನ. ಹೊಸ ಪದ್ಧತಿಯಲ್ಲಿ ಹಾಗೆ ಹೇಳಿದವರು ನೂರಕ್ಕೆ ಸುಮಾರು ಮೂವರು. ಇದು ಅಳತೆ! ಇಲ್ಲಿ ಯಂತ್ರಗಳೆಷ್ಟು, ಕಿಟಕಿಗಳೆಷ್ಟು ಎಂದು ಕೇಳಲಿಲ್ಲ. ನಿನಗೆಷ್ಟು ಹೊತ್ತಾಯಿತು, ನಿನ್ನ ಕೈಯಿಂದ ಎಷ್ಟು ಹೋಯಿತು, ಕಾಗದದಲ್ಲಿ ತಪ್ಪಿತ್ತೇ ಎಂದು ಕೇಳಿದರು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನೂ ಹೇಳದಿದ್ದರೆ ಮೇಷ್ಟ್ರ ಕೆಲಸ ಅರ್ಧವಾದಂತೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವು ಬೇರೊಂದು ಕಡೆಯಿಂದ ಬೆಳಕು ಹಾಯಿಸಿತು. ಭೂದಾಖಲೆಗಳು ಒಂದೆಡೆ ಸೇರಿ ಸುಲಭವಾಗಿ ದೊರೆಯುವಂತಾದುದರಿಂದ ಬೆಂಗಳೂರಿನ ಸುತ್ತಮುತ್ತ ಜಮೀನು ಹಿಡಿಯುವ ದೊಡ್ಡ ಕುಳಗಳಿಗೇ ಹೆಚ್ಚಿನ ಅನುಕೂಲವಾಯಿತು, ಸಣ್ಣ ರೈತರಿಗೆ ಹಾಗಾಗಲಿಲ್ಲ ಎಂಬುದು ಅವರ ವಾದ. ಇದನ್ನು ಪೂರ್ತಿ ಒಪ್ಪಬೇಕೆಂದಿಲ್ಲ. ಆದರೆ ಅದು ಎತ್ತುವ ಪ್ರಶ್ನೆ ಬಲವಾದುದು: ‘ಬಳಕೆದಾರ’ ಎಂದಾಗ ನಾವು ಯಾರನ್ನು ಎಣಿಸಿಕೊಂಡೆವು? ಕಿಟಕಿಗೆ ಬಂದವರನ್ನೆಲ್ಲ ಒಂದೇ ಎಂದು ಎಣಿಸಿದರೆ, ಎರಡು ಎಕರೆಯ ಮುದುಕನೂ ಇನ್ನೂರು ಎಕರೆ ಕೊಳ್ಳಬಂದವನೂ ಲೆಕ್ಕದಲ್ಲಿ ಸಮಾನರಾಗಿಬಿಡುತ್ತಾರೆ. ಸರಾಸರಿಯ ಹೊದಿಕೆಯೊಳಗೆ ಬಡವನ ಕಾಲು ಹೊರಗೇ ಉಳಿಯುವುದುಂಟು.

ನಮ್ಮೂರ ಹೆಸರು ಹೊತ್ತವರು

ರೊದ್ದಂ ಎಂಬ ಹೆಸರನ್ನು ವಿಜ್ಞಾನ ಲೋಕದಲ್ಲಿ ಬೆಳಗಿಸಿದವರು ರೊದ್ದಂ ನರಸಿಂಹ ಅವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಾ ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆರ್.ಎಲ್. ನರಸಿಂಹಯ್ಯನವರ ಪುತ್ರರು, 1933ರಲ್ಲಿ ಜನಿಸಿ 2020ರ ಡಿಸೆಂಬರಿನಲ್ಲಿ ನಿಧನರಾದರು. 1984ರಿಂದ 1993ರವರೆಗೆ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಮುಂದೆ ‘ತೇಜಸ್’ ಎಂದು ಹೆಸರಾದ ಹಗುರ ಯುದ್ಧ ವಿಮಾನದ ಹಾರಾಟ ನಿಯಂತ್ರಣ ನಿಯಮಗಳನ್ನು ರೂಪಿಸುವ ರಾಷ್ಟ್ರೀಯ ತಂಡವೊಂದು 1992ರಲ್ಲಿ ಆ ಪ್ರಯೋಗಾಲಯದಲ್ಲಿಯೇ ಕೂಡಿತು.

ಈ ವಿಮಾನದ ರಚನೆ ಹೇಗಿದೆಯೆಂದರೆ, ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರೆ. ಕೈಬಿಟ್ಟರೆ ಬೀಳುವ ಸೈಕಲ್ಲಿನ ಹಾಗೆ. ಗಣಕಯಂತ್ರವು ಕ್ಷಣಕ್ಷಣವೂ ಅದರ ಸಮತೋಲವನ್ನು ತಿದ್ದುತ್ತಲೇ ಇರಬೇಕು. ಆದುದರಿಂದ ಒಂದೇ ನಿಯಂತ್ರಣವನ್ನು ನಾಲ್ಕು ಸಮಾನ ಮಾರ್ಗಗಳಲ್ಲಿ ಇರಿಸಿದ್ದಾರೆ; ಒಂದು ಕೆಟ್ಟರೆ ಉಳಿದವು ಹೊರುತ್ತವೆ. ಇಲ್ಲಿ ತಂತ್ರಾಂಶದ ತಪ್ಪು ಎಂದರೆ ಪೈಲಟ್ಟಿನ ಪ್ರಾಣ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಅದು ಮೊದಲ ಬಾರಿ ಆಕಾಶಕ್ಕೇರುವ ಮುನ್ನ, ನೆಲದ ಮೇಲೆ ಕೃತಕ ಹಾರಾಟದ ಯಂತ್ರಗಳಲ್ಲಿ ಪೈಲಟ್ಟುಗಳನ್ನು ಕೂರಿಸಿ ವರ್ಷಗಟ್ಟಲೆ ಪರೀಕ್ಷಿಸಿದರು.

ಆ ವಿದ್ಯೆಯವರು ಪೈಲಟ್ಟಿನ ಅನುಭವವನ್ನು ಅಳೆಯುವ ರೀತಿ ನನಗೆ ತುಂಬ ಹಿಡಿಸಿತು. 1969ರಲ್ಲಿ ಅಮೆರಿಕದ ಕೂಪರ್ ಮತ್ತು ಹಾರ್ಪರ್ ಎಂಬಿಬ್ಬರು ಒಂದರಿಂದ ಹತ್ತರವರೆಗಿನ ಒಂದು ಮಾನದಂಡವನ್ನು ರೂಪಿಸಿದರು. “ಚೆನ್ನಾಗಿದೆಯೇ?” ಎಂಬ ಸಡಿಲ ಪ್ರಶ್ನೆ ಅಲ್ಲಿಲ್ಲ. ಮೊದಲು ಒಂದು ಖಚಿತವಾದ ಕೆಲಸ ಕೊಡುತ್ತಾರೆ. ವಿಮಾನ ಹಿಡಿತದಲ್ಲಿತ್ತೇ? ಕೆಲಸ ಸಾಧ್ಯವಾಯಿತೇ? ಸಾಧ್ಯವಾಗಿದ್ದರೆ ನೀನು ಎಷ್ಟು ಹೆಣಗಬೇಕಾಯಿತು? ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳಿ ಅಂಕಕ್ಕೆ ಬರುತ್ತಾರೆ. ಒಂದು ಎಂದರೆ ಉತ್ತಮ, ಹತ್ತು ಎಂದರೆ ಅಪಾಯ. ಕೆಲಸ ಮುಗಿಯಿತು ಎಂಬುದಷ್ಟೇ ಸಾಲದು. ಮುಗಿಸಲು ಮನುಷ್ಯ ಎಷ್ಟು ಬೆವರು ಹರಿಸಿದ ಎಂಬುದೂ ಲೆಕ್ಕಕ್ಕೆ ಬರಬೇಕು. ಬಳಸುವವನ ಅಭಿಪ್ರಾಯವನ್ನು ಅಳೆಯಲಾಗದು ಎನ್ನುವವರಿಗೆ ಇದೇ ಉತ್ತರ.

ಅಂಗಡಿಯ ಲೆಕ್ಕ

ಮತ್ತೊಂದು ಸಣ್ಣ ಕಥೆ. ಹಿಂದೂಪುರದ ಯಾವುದೇ ಮಂಡಿಗೆ ಹೋದರೂ ‘ಟ್ಯಾಲಿ’ ಎಂಬ ಹೆಸರು ಕಿವಿಗೆ ಬೀಳುತ್ತದೆ. ಇದು ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿತು. ಶ್ಯಾಮಸುಂದರ್ ಗೋಯೆಂಕಾ ಅವರು ಗಿರಣಿಗಳಿಗೆ ಬಿಡಿಭಾಗಗಳನ್ನು ಪೂರೈಸುವ ವ್ಯಾಪಾರಿಗಳು. ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಎಲ್ಲಿಯೂ ಸಿಗದಾದಾಗ, ಗಣಿತ ಬಲ್ಲ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸುವಂತೆ ಹೇಳಿದರು. ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ. ಯಂತ್ರಕ್ಕೆ ಅದು ಸುಲಭ. ಗುಮಾಸ್ತನಿಗೆ ಬಾಯಿಪಾಠದ ಶಿಕ್ಷೆ. ಟ್ಯಾಲಿಯಲ್ಲಿ ಸಂಕೇತಗಳನ್ನು ತೆಗೆದು, ವ್ಯಾಪಾರಿಯು ಖಾತೆಗೆ ಇಟ್ಟ ಹೆಸರಿನಿಂದಲೇ ಕೆಲಸ ನಡೆಯುವಂತೆ ಮಾಡಿದರು. ಯಂತ್ರದ ಸುಖಕ್ಕೆ ಮನುಷ್ಯ ಬಾಗುವ ಬದಲು, ಮನುಷ್ಯನ ರೂಢಿಗೆ ಯಂತ್ರ ಬಾಗಿತು. ಮೊದಲ ಗಿರಾಕಿ ಮನೆಯೊಳಗೇ ಇದ್ದು, ಅಪ್ಪನೇ ಆಗಿದ್ದುದೂ ಇದಕ್ಕೆ ಕಾರಣವಿರಬೇಕು.

ಗುರಿ ಮೊದಲು, ಅಳತೆ ಆಮೇಲೆ

ಹಾಗಾದರೆ ಏನನ್ನು ಅಳೆಯಬೇಕು? ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಕ್ಟರ್ ಬ್ಯಾಸಿಲಿ ಅವರು ನಾಸಾ ಸಂಸ್ಥೆಯವರೊಡನೆ ದುಡಿಯುತ್ತಾ ಒಂದು ಸರಳ ಕ್ರಮವನ್ನು ಕಂಡುಕೊಂಡರು. ಮೊದಲು ಗುರಿ, ಆ ಗುರಿ ಮುಟ್ಟಿತೇ ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆ, ಆ ಪ್ರಶ್ನೆಗೆ ಉತ್ತರ ಕೊಡುವ ಅಳತೆ. ಲೋಕದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಸುಲಭವಾಗಿ ಎಣಿಸಬಹುದಾದುದನ್ನು ಮೊದಲು ಎಣಿಸಿ, ಆಮೇಲೆ ಅದೇ ನಮ್ಮ ಗುರಿಯೆಂದು ಸಾರುತ್ತೇವೆ.

ಇನ್ನೊಂದು ಎಚ್ಚರಿಕೆಯನ್ನು 1975ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಕೊಟ್ಟರು. ಯಾವುದೇ ಅಳತೆಯ ಮೇಲೆ ಬಹುಮಾನ, ಶಿಕ್ಷೆಗಳ ಭಾರ ಹೇರಿದರೆ ಆ ಅಳತೆ ತನ್ನ ನಂಬಿಕೆಯನ್ನು ಕಳೆದುಕೊಳ್ಳುತ್ತದೆ ಎಂಬುದು ಅವರ ಮಾತಿನ ಸಾರ. ಬಾಕಿ ಅರ್ಜಿಗಳು ಕಡಿಮೆಯಾಗಬೇಕೆಂದು ಗದರಿಸಿದರೆ, ಅರ್ಜಿಗಳನ್ನು ತಿರಸ್ಕರಿಸಿದರೂ ಬಾಕಿ ಕಡಿಮೆಯಾಗುತ್ತದೆ! ಆದಕಾರಣ ಒಂದು ಅಳತೆಗೆ ಕಾವಲಾಗಿ ಇನ್ನೊಂದು ಬೇಕು. ಎಷ್ಟು ಬೇಗ ಮುಗಿಯಿತು ಎಂಬುದರ ಪಕ್ಕದಲ್ಲಿ, ಅದೇ ತೊಂದರೆಗೆ ಮನುಷ್ಯ ಮತ್ತೆ ಬಂದನೇ ಎಂಬುದನ್ನೂ ಬರೆದಿಡಬೇಕು.

ಪ್ರಮಾಣಪತ್ರಗಳ ಮಾತೂ ಹೀಗೆಯೇ. ಬೆಂಗಳೂರಿನ ಮೋಟೊರೋಲಾ ತಂತ್ರಾಂಶ ವಿಭಾಗವು 1990ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಮಾನದಂಡದ ಐದನೆಯ, ಅಂದರೆ ಅತ್ಯುನ್ನತ, ಮಟ್ಟವನ್ನು ಮುಟ್ಟಿದಾಗ ಲೋಕವೇ ಇತ್ತ ತಿರುಗಿ ನೋಡಿತು. ಅದು ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕೆಲಸದ ಕ್ರಮಕ್ಕೆ ದೊರೆತ ಮಾನ್ಯತೆ. ಕ್ರಮಬದ್ಧವಾಗಿ, ಒಂದೂ ತಪ್ಪಿಲ್ಲದೆ, ಯಾರಿಗೂ ಬೇಡವಾದುದನ್ನು ತಯಾರಿಸುವುದೂ ಸಾಧ್ಯ.

ನಮ್ಮ ಮನೆಯ ಮಾತು

ಇಷ್ಟೆಲ್ಲ ಪರರಿಗೆ ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಶಾಲೆಯ ಹಾಜರಿಯನ್ನು ಮೊಬೈಲಿನಲ್ಲಿ ಕಳುಹಿಸಬೇಕೆಂಬ ಆಜ್ಞೆ ಬಂದಿತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೆರೆ ಏರಿಯ ಮೇಲೆ. ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಸಹಾಯಕರಿಗೆ ಒಪ್ಪಿಸಿ, ನಾನು ಏರಿ ಹತ್ತಿ ಕೈ ಮೇಲೆತ್ತಿ ನಿಲ್ಲುತ್ತಿದ್ದೆ. ಮೊದಲ ಪಾಠದ ಅರ್ಧ ಅಲ್ಲೇ ಕಳೆಯುತ್ತಿತ್ತು. ಮೇಲಿನವರ ಪಟ್ಟಿಯಲ್ಲಿ ನಮ್ಮ ಶಾಲೆಗೆ ‘ಸಕಾಲಕ್ಕೆ ಸಲ್ಲಿಕೆ’ ಎಂಬ ಹೆಸರು. ಕಳೆದುಹೋದ ಪಾಠಗಳಿಗೆ ಆ ಪಟ್ಟಿಯಲ್ಲಿ ಕಂಬವೇ ಇರಲಿಲ್ಲ. ನನಗೆ ಆ ಹೆಸರಿನಿಂದ ಸಂತೋಷವಾಗುತ್ತಿತ್ತು ಎಂಬುದೇ ನಾಚಿಕೆಯ ಸಂಗತಿ. ದೂರು ಬರೆಯಬೇಕೆಂದು ನನಗೆ ತೋಚಿದ್ದು ನಾಲ್ಕು ತಿಂಗಳ ಮೇಲೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ನೀವು ದಿನಾ ಏರಿ ಮೇಲೆ ಯಾರಿಗೆ ಕೈ ಎತ್ತುತ್ತೀರಿ?” ಎಂದು ಕೇಳಿದ ದಿನ.

ಶಿಕ್ಷಣದಲ್ಲಿಯೂ ಒಳ್ಳೆಯ ಸೇರು ಇಲ್ಲದಿಲ್ಲ. ‘ಪ್ರಥಮ್’ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮಗುವಿನ ಕೈಗೆ ಎರಡನೆಯ ತರಗತಿಯ ಪಾಠದ ಮಟ್ಟದ ಒಂದು ಹಾಳೆ ಕೊಟ್ಟು, “ಓದು ಮಗು” ಎನ್ನುತ್ತಾರೆ. ದೇಶದಲ್ಲಿ ಶಾಲೆಗೆ ಸೇರಿದ ಮಕ್ಕಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಎಂಬ ಲೆಕ್ಕದ ಪಕ್ಕದಲ್ಲಿಯೇ, ಐದನೆಯ ತರಗತಿಯ ಮಕ್ಕಳಲ್ಲಿ ಆ ಹಾಳೆ ಓದಬಲ್ಲವರು ಸುಮಾರು ಅರ್ಧ ಎಂಬ ಕಹಿಸತ್ಯ ಅವರ ವರದಿಗಳಿಂದ ಮತ್ತೆ ಮತ್ತೆ ಹೊರಬಿದ್ದಿತು. ದಾಖಲಾತಿ ಶಾಲೆಯ ಸೇರು. ಓದುವುದು ಮಗುವಿನ ಸೇರು.

ಹಾಗೆಯೇ ನಮ್ಮೂರ ಪಡಿತರದ ಸಾಲಿನಲ್ಲಿ ನಿಂತ ಮುದುಕಿಯ ಬೆರಳಚ್ಚು, ಜೀವಮಾನವೆಲ್ಲ ಕಳೆ ಕಿತ್ತು ಸವೆದುದರಿಂದ, ಯಂತ್ರಕ್ಕೆ ಹಿಡಿಯಲಿಲ್ಲ. ಆಕೆ ಚೀಲ ಮಡಿಚಿಕೊಂಡು ಹಿಂದಿರುಗಿದಳು. ಆ ದಿನದ ಲೆಕ್ಕದಲ್ಲಿ ಅಕ್ಕಿ ಪಡೆದವರ ಸಂಖ್ಯೆ ಇರುತ್ತದೆ. ಬರಿಗೈಯಲ್ಲಿ ಹೋದವರ ಸಂಖ್ಯೆ ಎಲ್ಲಿ ಬರೆದಿದೆ? ಗುಣಮಟ್ಟದ ಅತಿ ಮುಖ್ಯವಾದ ಅಂಕಿಯು ಎಷ್ಟೋ ಸಲ ಯಾರೂ ಬರೆಯದ ಅಂಕಿಯೇ ಆಗಿರುತ್ತದೆ.

ನನ್ನ ಶಿಷ್ಯನಿಗೆ ಅಂದು ಸಂಜೆ ಇಷ್ಟೇ ಹೇಳಿದೆ: “ಊರಿಗೆ ಬಂದಿದ್ದೀಯೆ. ನಿಮ್ಮ ಕಾರ್ಯಕ್ರಮವನ್ನು ನಿಮ್ಮ ತಾಯಿಯ ಕೈಗೆ ಕೊಡು. ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ನೋಡು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೋ.”

ವಾರದ ಮೇಲೆ ಬೆಂಗಳೂರಿನಿಂದ ಅವನ ಫೋನು ಬಂದಿತು. “ಮೇಷ್ಟ್ರೇ, ಅಮ್ಮ ಎರಡನೆಯ ಹೆಜ್ಜೆಯಲ್ಲೇ ನಿಂತುಬಿಟ್ಟರು. ಅಲ್ಲಿ ‘ಸಲ್ಲಿಸು’ ಎಂದು ಬರೆದಿದ್ದೆವು. ಯಾರಿಗೆ, ಏನನ್ನು ಎಂದು ಕೇಳಿದರು. ನಮ್ಮ ತಂಡದವರಿಗೆ ಹೇಳಿದೆ. ಇನ್ನು ಮೇಲೆ ದೂರು ಕೊಟ್ಟವರು ‘ಆಯಿತು’ ಎಂದರೆ ಮಾತ್ರ ಮುಗಿಯಿತೆಂದು ಬರೆಯಬೇಕೆಂದೂ ಕೇಳಿದ್ದೇನೆ. ಈ ತಿಂಗಳು ನಮಗೆ ನೂರಕ್ಕೆ ನೂರು ಬರಲಾರದು.”

“ಬಾರದಿದ್ದರೆ ಬೇಡವಪ್ಪಾ,” ಎಂದೆ, “ಸೇರು ಸರಿಯಾಯಿತಲ್ಲ.”